ಬೋಳುಮಂಡೆ

“ಇದೇನ್ರೀ, ಈ ಬೋಳುಮಂಡೆ? ಗುಂಗುರು ಕೂದಲಿನ ಪೂಡಲ್ ಕ್ರಾಸ್ ಇದೆ ಅಂದ್ರಲ್ಲ!” ಮೇಜಿನಡಿ ಮುದುರಿ ಮಲಗಿದ್ದ ನಾಯಿಯನ್ನು ನೋಡಿ ಹೆಂಡತಿ ಮುಖ ಸಿಂಡರಿಸಿದಳು. “ನಮ್ಮ ಹೊಸ ಸೋಫಾಗೆ ಒಪ್ಪೋ ಹಾಗಿರ್ಬೇಕು.”

ಬೀದಿಪಾಲಾದ ನಾಯಿಗಳ ಆಶ್ರಯ ನಡೆಸುವ ಮುದುಕಿ ಗಂಡ-ಹೆಂಡತಿ ತುಂಬಿಕೊಟ್ಟಿದ್ದ ದತ್ತು ಅರ್ಜಿಯಿಂದ ತಲೆಯೆತ್ತಲಿಲ್ಲ. “ಇದೂ ಪೂಡಲ್ ಕ್ರಾಸೇ. ಹದಿನೈದು ದಿನದ ಹಿಂದೆ ಯಾರೋ ಪುಣ್ಯಾತ್ಮರು ನಮ್ಮ ಗೇಟಿಗೆ ಕಟ್ಟಿ ಹೋಗಿದ್ರು. ಕೂದಲು ಜಡೆಗಟ್ಟಿ, ಒಳಗೆ ಚರ್ಮ ಕೊಳೀತಿತ್ತು. ಪೂರ್ತಿ ಬೋಳಿಸ್ಬೇಕಾಯ್ತು. ಇರ್ಲಿ, ಈ ಹಿಂದೆ ನಾಯಿ ಸಾಕಿದ್ರಾ?”

“ಇಲ್ಲ, ಇದೇ ಮೊದಲು,” ಎಂದ ಗಂಡ, ಪ್ರಶ್ನೆ ಮುಗಿಯುವ ಮುಂಚೆಯೇ.

ಎದುರಿನ ಗೂಡಿನಲ್ಲಿದ್ದ ಬಿಳಿ ಮರಿಯನ್ನು ಕರೆಯಲು ಹೆಂಡತಿ ಚಿಟಿಕೆ ಹೊಡೆದಳು. ಆಶ್ರಯಕ್ಕೆ ಬಂದಾಗಿನಿಂದ ಯಾರು ಕರೆದರೂ ಕಿವಿ ಕೂಡ ನಿಮಿರಿಸದಿದ್ದ ಬೋಳುಮಂಡೆ ಚಂಗನೆ ಎದ್ದು ಅವಳೆದುರಿಗೆ ಓಡಿತು. ಹಿಂಗಾಲ ಮೇಲೆ ನಿಂತು ಒಂದು ಸುತ್ತು ತಿರುಗಿತು. ಆಮೇಲೆ ಅವಳ ಕೈಚೀಲದ ಪಕ್ಕದ ಜೇಬಿಗೆ ನೇರವಾಗಿ ಮೂತಿಯಿಟ್ಟು, ಬಿಸ್ಕತ್ತಿಗೆ ಕಾಯುತ್ತ ಬಾಲ ಆಡಿಸಿತು. ಗಂಡ ತನ್ನ ಬೂಟಿನ ತುದಿ ನೋಡತೊಡಗಿದ.

ಮುದುಕಿ ಅರ್ಜಿಯನ್ನು ನಾಲ್ಕಾಗಿ ಮಡಚಿ ಅದೇ ಜೇಬಿಗೆ ತುರುಕಿ, ನಾಯಿಯನ್ನು ಎತ್ತಿಕೊಂಡಳು.

“ನಿಮ್ಮ ಸೋಫಾ ಮೇಲಿಡೋಕೆ ಒಂದು ಬೊಂಬೆ ತಗೊಳ್ಳಿ ತಾಯಿ. ಅದು ಯಾರ ಗುರುತೂ ಹಿಡಿಯಲ್ಲ.”