ಏನೂ ಉಂಡಿಲ್ಲವ್ವಾ

ಮುಂಗಾರಿನ ಮಿರಗದ ಮಳೆ ಹಿಡಿದ ಮೂರನೆಯ ದಿನ, ಮುಂಜಾನೆ ಎಂಟರ ಹೊತ್ತು. ಮುಂಬಯಿ ಕಾಂದಿವಲಿಯ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಕನ್ನಡದವಳೇ ಆದ ಸಿಸ್ಟರ್ ಪ್ರಫುಲ್ಲಾ ಚಾರ್ಟು ಹಿಡಿದು ಬಸಲಿಂಗವ್ವನ ಮುಂದೆ ನಿಂತಳು.

"ಅಜ್ಜೀ, ಗುರುಬಸು ರಾತ್ರಿಯಿಂದ ಏನ್ ಉಂಡಾನ?"

"ಏನೂ ಉಂಡಿಲ್ಲವ್ವಾ. ಬಾಯಾಗ ಇಟ್ರ ಉಗುಳತಾನ."

ಮೂರು ದಿನದಿಂದ ಇದೇ ಮಾತು. ವಾಂತಿಭೇದಿಯಿಂದ ಬಾಡಿದ್ದ ಎರಡು ವರ್ಷದ ಮೊಮ್ಮಗನನ್ನು ದಹಿಸರದಿಂದ ಎತ್ತಿಕೊಂಡು ಬಂದವಳು ಬಸಲಿಂಗವ್ವನೇ. ಮಗಳು ಹಸಿ ಬಾಣಂತಿ. ಡಾಕ್ಟರು ಚಾರ್ಟು ನೋಡಿದರು, ಸಲೈನಿಗೆ ಬಾತಿದ್ದ ಕೂಸಿನ ಕೈ ನೋಡಿದರು. "ದೂಸರೇ ಹಾಥ್ ಮೇ ಸುಯಿ ಲಗಾವೊ" ಎಂದು ಮುಂದಿನ ಮಂಚಕ್ಕೆ ಹೋದರು.

ಇನ್ನೊಂದು ಕೈಗೂ ಸೂಜಿಯೆಂಬುದು ಮುದುಕಿಗೆ ತಿಳಿಯಿತು. ಕೂಸನ್ನು ಎದೆಗವಚಿಕೊಂಡಳು.

ಸೂಜಿ ಹಾಕುವ ಮೊದಲು ಪ್ರಫುಲ್ಲಾ ಹಸಿ ಬಟ್ಟೆಯಿಂದ ಕೂಸಿನ ಮೈ ಒರೆಸತೊಡಗಿದಳು. ಕುತ್ತಿಗೆಯ ಮಡಿಕೆಯಲ್ಲಿ ಗಂಜಿ ಒಣಗಿ ಅಂಟಿತ್ತು. ಹೊಟ್ಟೆಯ ಮೇಲೆ ಮೆಲ್ಲಗೆ ಬೆರಳು ಬಡಿದಳು.

"ಗಂಜಿ ಉಗುಳಿದ ಕೂಸಿನ ಹೊಟ್ಟಿ ನಗಾರಿ ಹಂಗ ಯಾಕ ಆಗೇತಿ ಅಜ್ಜೀ?"

ಬಸಲಿಂಗವ್ವ ಸುತ್ತ ನೋಡಿ ದನಿ ತಗ್ಗಿಸಿದಳು. "ಎರಡು ಬಟ್ಟಲ ಕುಡದಾನ. ನಿನ್ನೀನೂ ಕುಡದಿದ್ದ. ಹೆಂಗ ಹೇಳಲಿ? ನಾಲ್ವತ್ತು ವರ್ಷದ ಹಿಂದ, ನನ್ನ ಹಿರೀಮಗ ಎರಡು ರೊಟ್ಟಿ ತಿಂತಾನಂತ ಓಣ್ಯಾಗ ಹೇಳಿಕೊಂಡೆ. ದೃಷ್ಟಿ ಆತು, ವಾರದಾಗ ಹೋದ. ಅವತ್ತಿನಿಂದ ಉಂಡ ಕೂಸನ್ನ ಉಂಡೈತಿ ಅಂದಿಲ್ಲ; ಚಂದ ಇದ್ದದ್ದನ್ನ ಚಂದ ಅಂದಿಲ್ಲ."

ಪ್ರಫುಲ್ಲಾ ನಗಲಿಲ್ಲ, ಬಯ್ಯಲೂ ಇಲ್ಲ. ಸೂಜಿಯ ತಟ್ಟೆಯನ್ನು ಅತ್ತ ಸರಿಸಿದಳು.

"ಬಾಯಿಲೆ ಹೇಳಬ್ಯಾಡ ಬಿಡು. ಒಂದು ಬಟ್ಟಲ ಕುಡದ್ರ ನನ್ನ ಕೈ ಒಮ್ಮೆ ಹಿಸಕು. ಎರಡು ಕುಡದ್ರ ಎರಡು ಸಲ. ಆದ್ರ ಇದರಾಗ ಸುಳ್ಳು ನಡಿಯಂಗಿಲ್ಲ ನೋಡು. ಇದನ್ನ ನಂಬಿ ಔಷಧ ಹಾಕ್ತೇವಿ."

ಅವಳು ಹೋಗಿ ಡಾಕ್ಟರ ಕಿವಿಯಲ್ಲಿ ಏನೋ ಹೇಳಿ ಬಂದಳು. ಸೂಜಿ ತಪ್ಪಿತು. ಅಂದಿನಿಂದ ಸಿಸ್ಟರ್ ಬಂದಾಗಲೆಲ್ಲ ಬಸಲಿಂಗವ್ವ ವಾರ್ಡಿಗೆಲ್ಲ ಕೇಳುವಂತೆ "ಏನೂ ಉಂಡಿಲ್ಲವ್ವಾ" ಎನ್ನುವಳು. ಸೆರಗಿನ ಮರೆಯಲ್ಲಿ ಕೈ ಹಿಸುಕುವಳು. ಪ್ರಫುಲ್ಲಾ ಕೈ ಹೇಳಿದ್ದನ್ನೇ ಬರೆದುಕೊಳ್ಳುವಳು. ಒಮ್ಮೆಯಂತೂ ಮೂರು ಸಲ ಹಿಸುಕಿ, ಮುದುಕಿ ತಾನೇ ಹೆದರಿದಳು.

ಗುರುವಾರ ಮಧ್ಯಾಹ್ನ ಮನೆಗೆ ಹೋಗಲು ಚೀಟಿ ಸಿಕ್ಕಿತು. ಆಗತಾನೇ ಪಕ್ಕದ ಮಂಚಕ್ಕೆ ಮಗುವಿನೊಡನೆ ಬಂದಿದ್ದ ವಿಜಯಪುರದ ಭಾಗವ್ವ ಗಾಬರಿಯಿಂದ ಕೇಳಿದಳು:

"ಈ ಸಿಸ್ಟರ್ ಹೆಂಗದಾಳ ಯವ್ವಾ? ಕೂಸನ್ನ ಚೊಲೊ ನೋಡಿಕೋತಾಳೇನು?"

ಬಸಲಿಂಗವ್ವ ಪ್ರಫುಲ್ಲಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಣ್ಣು ತುಂಬಿ ಬಂತು.

"ಅಯ್ಯ, ಏನ್ ನೋಡತಾಳ ತಗೀ! ಒಂದೂ ನೆಟ್ಟಗ ಇಲ್ಲ."

ಹಾಗೆಂದು, ಪ್ರಫುಲ್ಲಾಳ ಕೆನ್ನೆ ಸವರಿ ಲಟಲಟನೆ ನೆಟಿಕೆ ಮುರಿದು, ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು ಹೊರಟುಹೋದಳು.