ಅತ್ತೆ ಸೋತ ಆಟ

ಅತ್ತೆಗೆ ಆಟದ ನಿಯಮ ಗೊತ್ತಿರಲಿಲ್ಲ, ಅದಕ್ಕೇ ಒಂದು ಪ್ರಶ್ನೆಗೆ ಉತ್ತರಿಸದೆ ಸೋತರು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ; ನಮಗೆ ಆ ಆಟ ಕಲಿಸಿದ್ದೇ ಅವರು. ಯುದ್ಧದ ಕಾಲದಲ್ಲಿ ಅವರೂ ಮಾವನೂ ಅದನ್ನು ರೇಡಿಯೊದಲ್ಲಿ ಕೇಳುತ್ತಿದ್ದರಂತೆ. ಒಬ್ಬರು ಮನಸ್ಸಿನಲ್ಲಿ ಏನನ್ನಾದರೂ ಇಟ್ಟುಕೊಳ್ಳಬೇಕು, ಉಳಿದವರು ಪ್ರಶ್ನೆ ಕೇಳಿ ಕಂಡುಹಿಡಿಯಬೇಕು. ಹೌದು, ಇಲ್ಲ ಎಂದಷ್ಟೇ ಉತ್ತರಿಸಬಹುದು. ಆಮೇಲೆ ಮಾವ ಹಡಗಿನ ಕೆಲಸಕ್ಕೆ ಹೋದರು. ಯುದ್ಧ ಮುಗಿದು ವರ್ಷಗಳಾದರೂ ಅವರ ಸುದ್ದಿ ಬರಲಿಲ್ಲ.

ಇವತ್ತು ರಿಪೇರಿ ಅಂಗಡಿಯಲ್ಲಿ ಹಳೆಯ ರೇಡಿಯೊ ಬಿಸಿಯಾದ ವಾಸನೆಗೆ ಪರೇಲಿನ ನಮ್ಮ ಚಾಳಿನ ಆ ಮಧ್ಯಾಹ್ನ ನೆನಪಾಯಿತು. ಕರೆಂಟು ಹೋಗಿ ರೇಡಿಯೊ ನಿಂತಿತ್ತು. ಚಿಕ್ಕಪ್ಪ ಸೌಟನ್ನು ಮೈಕಿನಂತೆ ಹಿಡಿದು ಅತ್ತೆಯ ಮುಂದೆ ಕೂತರು.

“ಅಕ್ಕ, ತಿನ್ನುವಂಥದ್ದಾ?”

“ಅಲ್ಲ.”

“ಈ ಮನೆಯಲ್ಲಿ ಉಂಟಾ?”

“ಈಗ ಇಲ್ಲ.”

“ಈಗ ಗೀಗ ಅಂತ ಸೇರಿಸ್ಬೇಡ ಮಾರಾಯ್ತಿ. ಹೌದು, ಇಲ್ಲ, ಅಷ್ಟೇ.”

ಅತ್ತೆ ನಕ್ಕರು. ಅವರ ಬೆರಳು ಕೊರಳ ಕರಿಮಣಿಯನ್ನು ತಿರುವುತ್ತಿತ್ತು. ಎಲ್ಲಕ್ಕಿಂತ ಮೊದಲು ಕೇಳಬೇಕೆಂದು ಅವರೇ ಕಲಿಸಿದ್ದ ಪ್ರಶ್ನೆಯನ್ನು ಚಿಕ್ಕಪ್ಪ ಮರೆತಿದ್ದರು. ನಾನು ಕೇಳಿದೆ:

“ಅತ್ತೆ, ಅದಕ್ಕೆ ಜೀವ ಉಂಟಾ?”