ಮೆಣಸು ತುಳಿದ ಮಧ್ಯಾಹ್ನ

ಅಕ್ಕನಿಗೆ ಜ್ವರ ಬರುವ ಹಿಂದಿನ ದಿನ ನಾವಿಬ್ಬರೂ ಕಣದಲ್ಲಿ ಕಾಳುಮೆಣಸು ತುಳಿಯುತ್ತಿದ್ದೆವು. ಯಸಳೂರಿನ ದಾರಿಯಲ್ಲಿ ಹಸಿ ಮೆಣಸಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ಕಣ್ಣೆದುರು ಬಂದು ನಿಲ್ಲುತ್ತದೆ.

ಗೊಂಚಲುಗಳು ಅಂಗಾಲಿಗೆ ತಣ್ಣಗಿದ್ದವು. ಕಾಳು ಕಳಚಿಕೊಂಡು ಉರುಳುತ್ತಿದ್ದವು. ಸ್ವಲ್ಪ ಹೊತ್ತಿಗೆ ಬೆರಳ ಸಂದಿಯಲ್ಲಿ ಉರಿ ಶುರುವಾಯಿತು. ಅಕ್ಕ ನನ್ನ ಹೆಗಲು ಹಿಡಿದುಕೊಂಡು, "ನಿನ್ನ ತೂಕಕ್ಕೆ ಒಂದು ಕಾಳೂ ಉದುರಲ್ಲ ಕಣೇ. ನಿನ್ ಬದ್ಲು ಕೋಳೀನ ಬುಟ್ಟಿದ್ರೂ ಆಗ್ತಿತ್ತು" ಅಂದಳು. ನಾನು ಸಿಟ್ಟಿನಿಂದ ಇನ್ನೂ ಜೋರಾಗಿ ತುಳಿದೆ. ಜಗಲಿಯಲ್ಲಿದ್ದ ಅವ್ವ, "ಕಾಲು ಮುಟ್ಟಿದ ಕೈಯಲ್ಲಿ ಕಣ್ಣುಜ್ಕೊಂಡ್ಬುಟ್ಟೀರ, ಹುಷಾರು!" ಎಂದು ಕೂಗಿದಳು.

ಮರುದಿನ ಮಲಗಿದ ಅಕ್ಕ ಆ ವಾರ ದಾಟಲಿಲ್ಲ.

ಎಲ್ಲಿ ಮರೆತುಹೋಗುತ್ತದೋ ಎಂಬ ಭಯಕ್ಕೆ ನಾನು ಆ ಮಧ್ಯಾಹ್ನವನ್ನು ಅವ್ವನ ಮುಂದೆ ಮತ್ತೆ ಮತ್ತೆ ಹೇಳುತ್ತಿದ್ದೆ. ಒಂದು ಸಲ ಅಕ್ಕ ಹಸಿರು ಲಂಗ ಉಟ್ಟಿದ್ದಳು ಅಂದೆ, ಇನ್ನೊಂದು ಸಲ ನೀಲಿ ಅಂದೆ. ಯಾವುದು ನಿಜ ಎಂದು ನಾನೇ ಕೇಳಿದಾಗ ಅವ್ವ ನನ್ನ ತಲೆ ಬಾಚುತ್ತಲೇ, "ಇರ್ಲಿ ಬುಡವ್ವ, ಎರಡೂ ಅವಳವೇ" ಅಂದಳು.

ಹೇಳಿ ಹೇಳಿ ಮಾತುಗಳೆಲ್ಲ ಉಳಿದಿವೆ. ಅಕ್ಕನ ದನಿ ಹೇಗಿತ್ತು ಎಂಬುದು ಮಾತ್ರ ನನಗೆ ನೆನಪಿಲ್ಲ.